ತೋಡಿನಿಂದ 80 ಹೆಜ್ಜೆ ದೂರ: ಟೆಂಟ್ ವಾಸದ ಶುಚಿತ್ವ, ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಂದೆ ಸರಿದು ಘಟ್ಟದ ದಾರಿ ಒಣಗುತ್ತಿದ್ದಂತೆ ಟೆಂಟ್ ಹೊರತೆಗೆಯುವವರ ಪತ್ರಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಸ್ನಾನ, ಶೌಚ, ಪಾತ್ರೆ ತೊಳೆಯುವ ಬಗ್ಗೆ. ಸಂಕೋಚದ ವಿಷಯವನ್ನು ನೇರವಾಗಿ ಕೇಳಿದ್ದೀರಿ, ಉತ್ತರವೂ ನೇರವಾಗಿಯೇ ಇದೆ. ಒಂದು ಮಾತು ಮೊದಲೇ ಹೇಳಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಟೆಂಟ್ ಹಾಕುವಂತಿಲ್ಲ. ಬೇರೆ ಕಾಡುಗಳಲ್ಲಿಯೂ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೊರಡಬೇಕು. ಕೆಳಗಿನ ಉತ್ತರಗಳೆಲ್ಲ ಅನುಮತಿ ಇರುವ ಜಾಗ, ತೋಟದ ಅಂಚು, ಖಾಸಗಿ ಜಮೀನಿನ ವಾಸ್ತವ್ಯಕ್ಕೆ.

ಪ್ರಶ್ನೆ: "ಬಯೋಡಿಗ್ರೇಡೆಬಲ್" ಎಂದು ಬರೆದ ದ್ರವ ಸೋಪು ತಂದಿದ್ದೇವೆ. ಇದನ್ನು ಹೊಳೆಯಲ್ಲೇ ಬಳಸಿದರೆ ತೊಂದರೆ ಇಲ್ಲ ತಾನೆ?
(ಓದುಗರು, ಬಂಟ್ವಾಳ)

ತೊಂದರೆ ಇದೆ. ಆ ಪದದ ಅರ್ಥ "ನೀರಿಗೆ ಹಾನಿ ಇಲ್ಲ" ಎಂದಲ್ಲ, "ಸೂಕ್ಷ್ಮಜೀವಿಗಳು ಇದನ್ನು ಒಡೆಯಬಲ್ಲವು" ಎಂದಷ್ಟೆ. ಹೀಗೆ ಒಡೆಯುತ್ತದೆಯೇ ಎಂದು ನೋಡುವ ಸಾಮಾನ್ಯ ಪ್ರಯೋಗಾಲಯ ಪರೀಕ್ಷೆಯ ಅವಧಿಯೇ 28 ದಿನ. ನೇತ್ರಾವತಿಯ ಉದ್ದ ಸುಮಾರು 100 ಕಿ.ಮೀ. ಘಟ್ಟದ ಬುಡದಲ್ಲಿ ಬಿದ್ದ ನೊರೆ 28 ದಿನ ಕಾದು ಕೂರುವುದಿಲ್ಲ. ಅದಕ್ಕಿಂತ ಎಷ್ಟೋ ಮೊದಲೇ ತುಂಬೆಯ ಕಿಂಡಿ ಅಣೆಕಟ್ಟಿನ ಕಡೆಗೆ ಬಂದಿರುತ್ತದೆ, ಮಂಗಳೂರಿನವರು ಕುಡಿಯುವುದು ಆ ನೀರನ್ನೇ. ಉಡುಪಿಯವರಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಹೇಗೋ ಹಾಗೆ.

ಮೀನಿಗೆ ಆಗುವ ಕೇಡು ಇನ್ನೂ ಬೇಗ. ಸೋಪು ಜಿಡ್ಡನ್ನು ಬಿಡಿಸುವುದು ನೀರಿನ ಮೇಲ್ಮೈ ಸೆಳೆತವನ್ನು ಕಡಿಮೆ ಮಾಡಿ. ಅದೇ ಗುಣ ಮೀನಿನ ಕಿವಿರಿನ ಮೇಲಿರುವ ಲೋಳೆ ಪದರವನ್ನೂ ಕಳಚುತ್ತದೆ. ಉಸಿರಾಟ ಕೆಡುತ್ತದೆ. ನೀರಿನ ಮೇಲೆ ನಡೆಯುವ ಹುಳುಗಳು ಮುಳುಗುತ್ತವೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ, ನೀರಲ್ಲಿ ಬೆರೆತದ್ದೆಲ್ಲ ಅದರ ಮೈಗೆ ನೇರ ಇಳಿಯುತ್ತದೆ. ಚಾರ್ಮಾಡಿಯ ಮೇಲಿನ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕುಣಿವ ಕಪ್ಪೆ ಇಂಥ ಸಣ್ಣ ತೊರೆಗಳಲ್ಲೇ ಬದುಕುತ್ತದೆ. ಹೆಣ್ಣು ಕಪ್ಪೆ ಹಿಂಗಾಲಿನಿಂದ ತೊರೆಯ ತಳವನ್ನು ಅಗೆದು ಮೊಟ್ಟೆ ಹೂಳುತ್ತದೆ. ಆದ್ದರಿಂದ ಸ್ನಾನಕ್ಕೆಂದು ಕಲ್ಲು ಸರಿಸಿ ಕಟ್ಟೆ ಕಟ್ಟುವುದೂ ಬೇಡ.

ಹಾಗಾದರೆ ಸೋಪು ಎಲ್ಲಿ? ಮಣ್ಣಿನ ಮೇಲೆ. ಒಂದು ಹಿಡಿ ಕಾಡು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ರಾಶಿ ಹರಿವ ನೀರಿನಲ್ಲಿ ಇಲ್ಲ. ನೊರೆ ನೀರು ಮಣ್ಣಿನ ಮೂಲಕ ಇಳಿಯುವಾಗ ಅವು ಅದನ್ನು ಒಡೆಯುತ್ತವೆ. ಅದಕ್ಕೆ ಬೇಕಾದ ಅಂತರ 60 ಮೀಟರ್, ಅಂದರೆ ದೊಡ್ಡವರ ಸುಮಾರು 80 ಹೆಜ್ಜೆ. ಹೊಳೆ, ಕೆರೆ, ಬಾವಿ, ತೋಡು ಎಲ್ಲಕ್ಕೂ ಇದೇ ಅಳತೆ. ಫೆಬ್ರವರಿಯಲ್ಲಿ ಒಣಗಿ ಬಿದ್ದಿರುವ ತೋಡನ್ನೂ ತುಂಬಿದ ತೋಡೆಂದೇ ಎಣಿಸಿ. ಮೊದಲ ಮಳೆಗೆ ಅದರಲ್ಲಿ ಇರುವುದೆಲ್ಲ ಒಮ್ಮೆಲೇ ಹೊಳೆಗೆ ಇಳಿಯುತ್ತದೆ.

ಪ್ರಶ್ನೆ: ಸೋಪು ಬೇಡವೆಂದು ಅಂಟುವಾಳ, ಸೀಗೆಪುಡಿ ಒಯ್ಯುತ್ತೇವೆ. ಅವು ಕಾಡಿನವೇ ಅಲ್ಲವೇ?
(ಓದುಗರು, ಮೂಡುಬಿದಿರೆ)

ಕಾಡಿನವೇ, ಆದರೆ ಹೊಳೆಗೆ ಅವೂ ವಿಷ. ಅಂಟುವಾಳ ನೊರೆ ಬರುವುದು ಸಪೋನಿನ್ ಎಂಬ ವಸ್ತುವಿನಿಂದ. ಅದು ಕಿವಿರಿನ ಮೂಲಕ ಮೀನಿನ ರಕ್ತಕ್ಕೆ ಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಿಂದೆ ಕಾರೆಕಾಯಿ ಜಜ್ಜಿ ಕಯಕ್ಕೆ (ಹೊಳೆಯಲ್ಲಿ ನೀರು ನಿಲ್ಲುವ ಗುಂಡಿಗೆ) ಹಾಕಿ ಮೀನು ಹಿಡಿಯುತ್ತಿದ್ದುದು ಇದೇ ಸಪೋನಿನ್ ಬಲದಿಂದ. ಅಂಟುವಾಳ, ಸೀಗೆ ಎರಡೂ ಒಳ್ಳೆಯವು. ಬಳಸುವ ಜಾಗ ಮಾತ್ರ ಸೋಪಿನದ್ದೇ: 80 ಹೆಜ್ಜೆ ದೂರ, ಮಣ್ಣಿನ ಮೇಲೆ. ಒಲೆ ಬೂದಿಗೂ ಇದೇ ನಿಯಮ. ಬೂದಿಯ ಕ್ಷಾರ ಜಿಡ್ಡಿನೊಂದಿಗೆ ಸೇರಿದರೆ ಅಲ್ಲೇ ಸೋಪಾಗುತ್ತದೆ. ಪಾತ್ರೆ ಹೊಳೆಯುವುದು ಅದಕ್ಕೇ.

ಪ್ರಶ್ನೆ: ನೀರು ಹೊತ್ತು ತಂದೇ ಮೀಯಬೇಕಾದರೆ ಒಬ್ಬರಿಗೆ ಎಷ್ಟು ಬೇಕು? ಈ ಸೆಕೆಯಲ್ಲಿ ಎರಡು ದಿನ ಮೀಯದೆ ಇರಲು ಆಗುವುದಿಲ್ಲ.
(ಓದುಗರು, ಉಡುಪಿ)

ಮೂರು ಲೀಟರ್ ಸಾಕು, ಕ್ರಮ ತಪ್ಪಬಾರದು ಅಷ್ಟೆ. ಮಡಚುವ ಬಕೆಟ್ ಅಥವಾ ಎರಡು ದೊಡ್ಡ ಬಾಟಲಿಗಳಲ್ಲಿ ನೀರು ತುಂಬಿಕೊಂಡು ದೂರ ಬನ್ನಿ. ತರಗೆಲೆ ಇರುವ, ಗಟ್ಟಿ ಬಂಡೆಯಲ್ಲದ ಜಾಗ ಹುಡುಕಿ. ಮೊದಲು ಒಣ ಬೈರಾಸಿನಿಂದ ಮೈಯನ್ನು ಗಟ್ಟಿಯಾಗಿ ಉಜ್ಜಿ. ಅರ್ಧ ಕೊಳೆ ಇಲ್ಲೇ ಹೋಗುತ್ತದೆ. ಬಳಿಕ ಅರ್ಧ ಲೀಟರಿನಲ್ಲಿ ಬೈರಾಸು ಅದ್ದಿ ತಲೆಯಿಂದ ಕಾಲಿನ ತನಕ ಒರೆಸಿ. ಬೆವರಿನ ಉಪ್ಪು ಬರಿ ನೀರಿಗೇ ಬಿಡುತ್ತದೆ, ಅದಕ್ಕೆ ಸೋಪು ಬೇಡ. ಸೋಪು ಬೇಕಾದುದು ಕಂಕುಳು, ತೊಡೆಸಂದು, ಪಾದ, ಈ ಮೂರು ಕಡೆ. ಹೆಬ್ಬೆರಳ ಉಗುರಿನಷ್ಟು ಚೂರು ಸಾಕು. ಅರ್ಧ ಲೀಟರಿನಲ್ಲಿ ಉಜ್ಜಿ, ಉಳಿದ ಎರಡು ಲೀಟರನ್ನು ಚೊಂಬಿನಿಂದ ಸಣ್ಣಗೆ ಹೊಯ್ದು ತೊಳೆಯಿರಿ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಸೋಪು ಜಾಸ್ತಿ ಹಾಕುವುದು. ತೊಳೆಯಲು ನೀರು ಸಾಲದೆ ಸಂದಿಗಳಲ್ಲಿ ಸೋಪು ಉಳಿಯುತ್ತದೆ, ಮರುದಿನ ನಡೆಯುವಾಗ ತೊಡೆ ಉಜ್ಜಿ ಉರಿಯುತ್ತದೆ. ಇನ್ನೊಂದು ತಪ್ಪು ಮೈ ಒರೆಸಿ ಮುಗಿಸದೆ ಬಟ್ಟೆ ಹಾಕುವುದು. ಕರಾವಳಿಯ ತೇವದ ಗಾಳಿಯಲ್ಲಿ ತೊಡೆಸಂದಿನ ಹುಳುಕಡ್ಡಿ ಶುರುವಾಗುವುದು ಹೀಗೆ. ಕಾಲ್ಬೆರಳ ನಡುವೆ ಒಂದೊಂದಾಗಿ ಒರೆಸಿ, ರಾತ್ರಿ ಮಲಗಲು ಒಂದು ಜೊತೆ ಒಣ ಸಾಕ್ಸ್ ಬೇರೆಯೇ ಇಡಿ. ದಪ್ಪ ಟರ್ಕಿ ಟವೆಲ್ ಬೇಡ, ಘಟ್ಟದಲ್ಲಿ ಅದು ಎರಡು ದಿನವಾದರೂ ಒಣಗುವುದಿಲ್ಲ. ನಮ್ಮ ತೆಳು ಬೈರಾಸು ಹಿಂಡಿ ಕೊಡವಿದರೆ ಒಂದೆರಡು ಗಂಟೆಯಲ್ಲಿ ಒಣಗುತ್ತದೆ.

ಹೊಳೆಗೆ ಇಳಿದು ಈಜಬಾರದೆಂದು ಹೇಳುತ್ತಿಲ್ಲ. ಈಜುವ ಜಾಗದಲ್ಲಿ ಈಜಿ. ಇಳಿಯುವ ಮೊದಲು ಮೈಗೆ ಹಚ್ಚಿದ ಸೊಳ್ಳೆ ಮುಲಾಮು, ಸನ್‌ಸ್ಕ್ರೀನ್, ತಲೆಯ ಎಣ್ಣೆ ಇವನ್ನು ದೂರದಲ್ಲೇ ಒದ್ದೆ ಬಟ್ಟೆಯಿಂದ ಒರೆಸಿ ಹೋಗಿ. ಬಟ್ಟೆಗೆ ಸಿಂಪಡಿಸುವ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಆ ಬಟ್ಟೆ ನೀರು ಮುಟ್ಟಲೇಬಾರದು, ಮೀನಿಗೆ ಅದು ಬಹಳ ಸಣ್ಣ ಪ್ರಮಾಣದಲ್ಲೂ ಮಾರಕ.

ಪ್ರಶ್ನೆ: ಹಲ್ಲುಜ್ಜಿದ ನೊರೆ ಎಲ್ಲಿ ಉಗುಳುವುದು?
(ಓದುಗರು, ಕಾಪು)

ಕಡಲೆಕಾಳಿನಷ್ಟು ಪೇಸ್ಟ್ ತೆಗೆದುಕೊಳ್ಳಿ. ಸಣ್ಣ ಗುಂಡಿ ತೋಡಿ ಅದಕ್ಕೇ ಉಗುಳಿ, ಮಣ್ಣು ಮುಚ್ಚಿ. ಸಿಹಿ ವಾಸನೆಗೆ ಮಂಗ, ಹಂದಿ ಬರುತ್ತವೆ, ಟೆಂಟಿನ ಬಾಗಿಲಲ್ಲಿ ಉಗುಳಬೇಡಿ. ಪೇಸ್ಟ್ ಟ್ಯೂಬ್ ರಾತ್ರಿ ಊಟದ ಸಾಮಾನಿನ ಜೊತೆ ಮುಚ್ಚಳದ ಡಬ್ಬದಲ್ಲಿರಲಿ.

ಪ್ರಶ್ನೆ: ಶೌಚಕ್ಕೆ ಗುಂಡಿ ತೋಡಬೇಕೆನ್ನುತ್ತಾರೆ. ಎಷ್ಟು ಆಳ? ನಮ್ಮ ಕಡೆ ಎಲ್ಲಿ ಹಾರೆ ಹಾಕಿದರೂ ಮುರಕಲ್ಲು.
(ಓದುಗರು, ಪುತ್ತೂರು)

ಆಳ 6ರಿಂದ 8 ಇಂಚು, ಅಂದರೆ ಒಂದು ಗೇಣಿಗೆ ತುಸು ಕಡಿಮೆ. ಅಗಲ 4ರಿಂದ 6 ಇಂಚು. ಈ ಅಳತೆಗೆ ಕಾರಣವಿದೆ. ಕೊಳೆಯಿಸುವ ಜೀವಿಗಳೂ ಎರೆಹುಳಗಳೂ ಇರುವುದು ಮೇಲಿನ ಕಪ್ಪು ಮಣ್ಣಿನಲ್ಲಿ. ಒಂದು ಮೊಳ ಆಳಕ್ಕೆ ಹೋದರೆ ಗಾಳಿ ಇಲ್ಲ, ಮಣ್ಣು ನಿರ್ಜೀವ, ಹೂತದ್ದು ಹಾಗೆಯೇ ಉಳಿಯುತ್ತದೆ. ನಾಲ್ಕು ಇಂಚಿಗಿಂತ ಮೇಲಿದ್ದರೆ ಹಂದಿ, ನಾಯಿ ಕೆದಕುತ್ತವೆ, ಮಳೆ ಕೊಚ್ಚುತ್ತದೆ. ಸರಿಯಾಗಿ ಹೂತರೂ ರೋಗಾಣುಗಳು ತಿಂಗಳುಗಟ್ಟಲೆ ಬದುಕಿರಬಲ್ಲವು. ಹಾಗಾಗಿ ನೀರಿನಿಂದ, ಕಾಲುದಾರಿಯಿಂದ, ಟೆಂಟಿನಿಂದ 80 ಹೆಜ್ಜೆ ಎಂಬುದನ್ನು ಅಂದಾಜಿಗೆ ಬಿಡದೆ ಎಣಿಸಿಯೇ ನಡೆಯಿರಿ. ಇಳಿಜಾರಿನ ನೆತ್ತಿ ಒಳ್ಳೆಯದು, ತಗ್ಗು ಜಾಗ ಬೇಡ. ಮಳೆ ಬಂದರೆ ನೀರು ನಿಲ್ಲುವುದು ಅಲ್ಲೇ.

ಪುಟ್ಟ ಕೈಗುದ್ದಲಿಯಿಂದ ಮೇಲಿನ ತರಗೆಲೆಯನ್ನು ಬದಿಗೆ ಸರಿಸಿ, ಮಣ್ಣನ್ನು ಒಂದೇ ಕಡೆ ರಾಶಿ ಹಾಕಿ. ತೊಳೆಯಲು ಅರ್ಧ ಲೀಟರ್ ಬಾಟಲಿ ಸಾಕು, ಮುಚ್ಚಳಕ್ಕೆ ಕಾದ ಸೂಜಿಯಿಂದ ನಾಲ್ಕೈದು ತೂತು ಮಾಡಿದರೆ ನೀರು ವ್ಯರ್ಥವಾಗದು. ನೀರಿನಿಂದ ತೊಳೆಯುವ ನಮ್ಮ ಪದ್ಧತಿ ಕಾಡಿಗೆ ನಿಜಕ್ಕೂ ಉಪಕಾರಿ: ಹೂಳಬೇಕಾದ ಕಾಗದವೇ ಇರುವುದಿಲ್ಲ. ಟಿಶ್ಯೂ ಬಳಸಿದರೆ ಅದನ್ನು ಹೂಳದೆ, ಸುಡದೆ ಚೀಲದಲ್ಲಿ ಹಿಂದೆ ತನ್ನಿ. ಕೊನೆಗೆ ಒಂದು ಕೋಲಿನಿಂದ ಸ್ವಲ್ಪ ಮಣ್ಣನ್ನು ಕಲಸಿ, ಉಳಿದ ಮಣ್ಣು ತುಂಬಿ, ತುಳಿದು, ತರಗೆಲೆ ಹರಡಿ. ಮಣ್ಣು ಬೆರೆತರೆ ಕೊಳೆಯುವುದು ಬೇಗ.

ಕೈ ತೊಳೆಯುವುದು ಅಲ್ಲೇ ಪಕ್ಕದಲ್ಲಿ, ಒಂದು ಲೋಟ ನೀರು, ಸೋಪು, 20 ಸೆಕೆಂಡು. ಟೆಂಟ್ ವಾಸದಲ್ಲಿ ಹೊಟ್ಟೆ ಕೆಡುವುದಕ್ಕೆ ಹೆಚ್ಚಿನ ಸಲ ಊಟವನ್ನೋ ನೀರನ್ನೋ ದೂರುತ್ತಾರೆ. ಒಬ್ಬರ ತೊಳೆಯದ ಕೈ ಅವಲಕ್ಕಿ ಡಬ್ಬಕ್ಕೆ ಹೋದರೂ ಸಾಕು, ಇಡೀ ಗುಂಪು ಮಲಗುತ್ತದೆ. ಸ್ಯಾನಿಟೈಸರ್ ಸೋಪಿಗೆ ಬದಲಿಯಲ್ಲ. ಕೊಳೆ, ಜಿಡ್ಡು ಇರುವ ಕೈಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ವಾಂತಿಭೇದಿ ತರುವ ಕೆಲವು ವೈರಸ್‌ಗಳಿಗೆ ಅಷ್ಟಾಗಿ ತಾಗುವುದೂ ಇಲ್ಲ.

ಇನ್ನು ಮುರಕಲ್ಲಿನ ಪ್ರಶ್ನೆ. ಮುರಕಲ್ಲಿನ ಪದವಿನಲ್ಲಿ, ಪಾದೆಯ ಮೇಲೆ, ಶಿಖರದ ತೆಳು ಮಣ್ಣಿನ ಹುಲ್ಲುಗಾವಲಿನಲ್ಲಿ ಗುಂಡಿಯ ಯೋಚನೆಯನ್ನೇ ಬಿಡಿ. ಮುರಕಲ್ಲು ತೂತು ತೂತು. ಮಳೆ ನೀರು ಅದರೊಳಗೆ ಶೋಧನೆಯಾಗದೆ ಸರಸರನೆ ಇಳಿದು ಕೆಳಗಿನ ಬಾವಿ ಸೇರುತ್ತದೆ. ಇಂಥಲ್ಲಿ ಹೊತ್ತು ತರುವುದೊಂದೇ ದಾರಿ. ದಪ್ಪ ಪ್ಲಾಸ್ಟಿಕ್ ಚೀಲ ಒಂದರೊಳಗೆ ಒಂದು, ಒಳಗೆ ಎರಡು ಹಿಡಿ ತೆಂಗಿನ ನಾರಿನ ಹುಡಿ. ಅದು ತೇವವನ್ನೂ ವಾಸನೆಯನ್ನೂ ಹೀರುತ್ತದೆ. ಬಾಯಿ ಬಿಗಿಯಾಗಿ ಕಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಮನೆಗೆ ಬಂದು ಬಾವಿಯಿಂದ ದೂರ ತೋಟದಲ್ಲಿ ಒಂದು ಗೇಣು ಆಳದ ಗುಂಡಿಗೆ ಸುರಿದು ಮುಚ್ಚಿ. ಚೀಲವನ್ನು ಮಾತ್ರ ಡಯಾಪರ್‌ನಂತೆ ಕಸಕ್ಕೆ ಬೇರೆಯಾಗಿ ಕಟ್ಟಿ ಕೊಡಿ. ಓದುವಾಗ ಅಸಹ್ಯವೆನಿಸಬಹುದು. ಎರಡನೇ ಸಲ ಮಾಡುವಾಗ ಅನಿಸುವುದಿಲ್ಲ.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಟ್ರೆಕ್ ಬಂದರೆ ಹೋಗುವುದನ್ನೇ ಬಿಡುತ್ತೇನೆ. ಪ್ಯಾಡನ್ನು ಬೆಂಕಿಗೆ ಹಾಕಬಹುದೇ?
(ಓದುಗರು, ಮಣಿಪಾಲ)

ಬಿಡಬೇಕಾದ ಕಾರಣವೇನೂ ಇಲ್ಲ, ಆದರೆ ಪ್ಯಾಡ್ ಬೆಂಕಿಗೂ ಬೇಡ, ಮಣ್ಣಿಗೂ ಬೇಡ. ಅದರ ಹೊರಪದರ ಪ್ಲಾಸ್ಟಿಕ್, ಒಳಗಿನ ಹೀರುವ ಹುಡಿಯೂ ಪೆಟ್ರೋಲಿಯಂ ಮೂಲದ್ದು. ಒದ್ದೆ ಪ್ಯಾಡ್ ಶಿಬಿರದ ಬೆಂಕಿಯ ಬಿಸಿಗೆ ಪೂರ್ತಿ ಉರಿಯದೆ ವಿಷಹೊಗೆ ಕೊಟ್ಟು ಕರಗಿ ಉಳಿಯುತ್ತದೆ. ಜಿಪ್ ಚೀಲದೊಳಗೆ ಹಳೆ ಪತ್ರಿಕೆ ಹಾಸಿ, ಎರಡು ಚಮಚ ಅಡುಗೆ ಸೋಡಾ ಉದುರಿಸಿ, ಸುತ್ತಿದ ಪ್ಯಾಡುಗಳನ್ನು ಅದರಲ್ಲಿಟ್ಟು ಹೊರಗೊಂದು ಕಪ್ಪು ಬಟ್ಟೆಯ ಚೀಲ ಹಾಕಿ. ರಾತ್ರಿ ಅದು ಊಟದ ಡಬ್ಬದ ಜೊತೆ ಎತ್ತರದಲ್ಲಿರಲಿ.

ಮುಟ್ಟಿನ ಕಪ್ ಬಳಸುವವರಿಗೆ ಹೊರೆ ಕಡಿಮೆ. ಕಪ್‌ಗೆ ತಕ್ಕಂತೆ 8ರಿಂದ 12 ಗಂಟೆಯೊಳಗೆ ತೆಗೆಯಬೇಕು. ಕೈಯನ್ನು ಸೋಪಿನಿಂದ ತೊಳೆದ ಮೇಲೆಯೇ ಮುಟ್ಟಿ, ರಕ್ತವನ್ನು ಶೌಚದ ಗುಂಡಿಯಂಥದ್ದೇ ಗುಂಡಿಗೆ ಸುರಿದು, ಕುಡಿಯುವ ನೀರಿನಿಂದಲೇ ತೊಳೆಯಿರಿ. ಹೊಳೆ ನೀರು ಕಪ್‌ಗೆ ತಾಗಬಾರದು. ಹೊರಡುವ ಮೊದಲು ಮನೆಯಲ್ಲೊಮ್ಮೆ ಕುದಿಸಿ. ಕಪ್ ಬಳಸಲು ಮೊದಲ ಸಲ ಕಲಿಯುವ ಜಾಗ ಮನೆ, ಟೆಂಟ್ ಅಲ್ಲ. ಕನಿಷ್ಠ ಎರಡು ತಿಂಗಳು ಅಭ್ಯಾಸವಾದ ಮೇಲೆ ಕಾಡಿಗೆ ಒಯ್ಯಿರಿ.

ಪ್ರಶ್ನೆ: ವೆಟ್ ವೈಪ್ಸ್ ಕಾಗದದ್ದೇ ಅಲ್ಲವೇ, ಹೂತರೆ ಕರಗುವುದಿಲ್ಲವೇ?
(ಓದುಗರು, ಸುರತ್ಕಲ್)

ಹೆಚ್ಚಿನವು ಪಾಲಿಯೆಸ್ಟರ್ ನಾರು ಬೆರೆತ ಬಟ್ಟೆ. ಕರಗುವುದಿಲ್ಲ. ಒಯ್ದಷ್ಟನ್ನು ಎಣಿಸಿ ಹಿಂದೆ ತನ್ನಿ, ಅಥವಾ ಹಳೆ ಪಂಚೆಯ ಒಂದು ಗೇಣು ಚೌಕದ ತುಂಡುಗಳನ್ನು ಒದ್ದೆ ಮಾಡಿ ಡಬ್ಬದಲ್ಲಿ ಒಯ್ಯಿರಿ.

ಪ್ರಶ್ನೆ: ಪಾತ್ರೆ ತೊಳೆಯುವುದೇ ದೊಡ್ಡ ತಲೆನೋವು. ಉಳಿದ ಅನ್ನ ಹೊಳೆಯ ಮೀನಿಗೆ ಹಾಕಿದರೆ ಪುಣ್ಯವೇ ಅಲ್ಲವೇ?
(ಓದುಗರು, ಬೆಳ್ತಂಗಡಿ)

ಶಿಶಿಲದ ಕಪಿಲಾ ನದಿಯಲ್ಲಿ ದೇವರ ಮೀನುಗಳಿಗೆ ಭಕ್ತರು ಆಹಾರ ಹಾಕುವುದನ್ನು ನೋಡಿ ಬೆಳೆದವರಿಗೆ ಹೀಗೆ ಅನಿಸುವುದು ಸಹಜ. ಅಲ್ಲಿ ಮೀನುಗಳ ದೊಡ್ಡ ಗುಂಪೇ ಇದೆ, ಬಿದ್ದದ್ದು ಕ್ಷಣದಲ್ಲಿ ಖಾಲಿ. ಬೇಸಗೆಯ ಸಣ್ಣ ಕಯದಲ್ಲಿ ಹಾಗಲ್ಲ. ತಿನ್ನದೆ ತಳಕ್ಕಿಳಿದ ಅನ್ನ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ. ಮಸಾಲೆ, ಎಣ್ಣೆ ಬೆರೆತ ಅನ್ನವಾದರೆ ಕೇಡು ಇನ್ನೂ ಹೆಚ್ಚು. ಮೀನಿನ ಮೇಲೆ ಪ್ರೀತಿ ಇದ್ದರೆ ಅನ್ನವನ್ನು ಡಬ್ಬದಲ್ಲಿ ಹಿಂದೆ ತನ್ನಿ.

ಪಾತ್ರೆಯ ತಲೆನೋವು ಅಡುಗೆಯ ಆಯ್ಕೆಯಲ್ಲೇ ಅರ್ಧ ಮುಗಿಯುತ್ತದೆ. ಬಂಗುಡೆ ಫ್ರೈ, ಕೋಳಿ ಸುಕ್ಕ ಮಾಡಿದ ಬಾಣಲೆಯನ್ನು ತಣ್ಣೀರಿನಲ್ಲಿ ತೊಳೆಯಲು ಹೊರಟರೆ ಸೋಪು ಎಷ್ಟಿದ್ದರೂ ಸಾಲದು. ಕುಚ್ಚಲಕ್ಕಿ ಗಂಜಿ, ಚಟ್ನಿ, ಹುರುಳಿ ಸಾರು ಇದ್ದರೆ ಜಿಡ್ಡೇ ಇಲ್ಲ. ಗಂಜಿ ಪಾತ್ರೆ ಆರುವ ಮೊದಲೇ ಒಂದು ಲೋಟ ಬಿಸಿನೀರು ಹಾಕಿ ಸೌಟಿನಿಂದ ತಿಕ್ಕಿ, ಆ ನೀರನ್ನು ಉಪ್ಪು ಹಾಕಿ ಕುಡಿದುಬಿಡಿ. ತೊಳೆಯುವ ಮುಕ್ಕಾಲು ಕೆಲಸ ಮುಗಿದಂತೆ.

ಮಿಕ್ಕದ್ದಕ್ಕೆ ಒಣ ಕತ್ತದ ನಾರಿನಿಂದ ಪಾತ್ರೆ ಉಜ್ಜಿ ಅಂಟಿದ್ದನ್ನು ಡಬ್ಬಕ್ಕೆ ಹಾಕಿ. ನಾಲ್ಕು ಜನರ ಪಾತ್ರೆಗೆ ಒಂದು ಲೀಟರ್ ಬಿಸಿನೀರು, ಮೂರು ನಾಲ್ಕು ಹನಿ ಸೋಪು, ಆಮೇಲೆ ಇನ್ನೊಂದು ಲೀಟರಿನಲ್ಲಿ ಜಾಲಿಸುವುದು. ತೊಳೆದ ನೀರನ್ನು ಹಳೆ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಅಗುಳು, ಕರಿಬೇವು, ಮುಳ್ಳು ಎಲ್ಲವೂ ಡಬ್ಬಕ್ಕೆ. ನೀರನ್ನು 80 ಹೆಜ್ಜೆ ದೂರ ಒಯ್ದು ಒಂದೇ ಕಡೆ ಸುರಿಯದೆ ಅಗಲಕ್ಕೆ ಎರಚಿ. ಒಂದೇ ಕಡೆ ಸುರಿದರೆ ಮಣ್ಣು ಹೀರದೆ ಕೆಸರಾಗಿ ನಾರುತ್ತದೆ, ಇರುವೆ, ನೊಣ ಸೇರುತ್ತವೆ. ಹುರಿದ ಎಣ್ಣೆ ಉಳಿದರೆ ಪತ್ರಿಕೆಗೆ ಹೀರಿಸಿ ಕಸದ ಚೀಲಕ್ಕೆ ಹಾಕಿ, ನೆಲಕ್ಕೆ ಬೇಡ.

ಬಾಳೆ ಎಲೆ, ಹಾಳೆ ತಟ್ಟೆ ಒಳ್ಳೆಯವೇ. "ಕೊಳೆಯುತ್ತದಲ್ಲ" ಎಂದು ಕಾಡಲ್ಲೇ ಎಸೆಯುವುದು ಮಾತ್ರ ತಪ್ಪು. ಹಾಳೆ ಕೊಳೆಯಲು ತಿಂಗಳುಗಳೇ ಬೇಕು, ಅಷ್ಟರ ತನಕ ಅದರ ಉಪ್ಪಿನ ವಾಸನೆಗೆ ಮಂಗ, ಹಂದಿ ಆ ಜಾಗಕ್ಕೆ ಬಂದೇ ಬರುತ್ತವೆ. ಮನೆಗೆ ತಂದರೆ ಬಾಳೆ ಎಲೆ ಹಟ್ಟಿಗೂ ಹಾಳೆ ಗೊಬ್ಬರದ ಗುಂಡಿಗೂ ಸಲ್ಲುತ್ತದೆ.

ಪ್ರಶ್ನೆ: ಉಂಬಳ ಬಿಡಿಸಲು ಉಪ್ಪು, ಸುಣ್ಣ, ಡೆಟಾಲ್, ಯಾವುದು ಒಳ್ಳೆಯದು? ಉಣುಗಿನ ಬಗ್ಗೆಯೂ ತಿಳಿಸಿ.
(ಓದುಗರು, ಹೆಬ್ರಿ)

ಉಂಬಳಕ್ಕೆ ಉಗುರೇ ಸಾಕು. ಸಪೂರ ತುದಿಯ ಕಡೆ ಚರ್ಮಕ್ಕೆ ತಾಗಿಸಿ ಉಗುರನ್ನು ಅಡ್ಡ ಸರಿಸಿದರೆ ಹಿಡಿತ ಬಿಡುತ್ತದೆ. ಉಪ್ಪು, ಬೆಂಕಿ ತಾಗಿಸಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರಬಹುದು. ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ವಸ್ತುವಿನಿಂದಾಗಿ ಸ್ವಲ್ಪ ಹೊತ್ತು ಸುರಿಯುತ್ತದೆ. ಗಾಬರಿ ಬೇಡ, ಸೋಪು ನೀರಿನಿಂದ ತೊಳೆದು ಒತ್ತಿ ಕಟ್ಟಿ. ಕಾಲಿಗೆ ಡೆಟಾಲ್ ಬಳಿದುಕೊಂಡು ತೋಡು ದಾಟುವ ಅಭ್ಯಾಸ ಬಿಡಲೇಬೇಕು, ಅದರ ರೋಗಾಣುನಾಶಕ ಮೀನಿಗೂ ವಿಷವೇ. ಮೊಣಕಾಲಿನ ತನಕ ಬರುವ ದಟ್ಟ ನೇಯ್ಗೆಯ ಉಂಬಳ ಸಾಕ್ಸ್ ಅದಕ್ಕಿಂತ ಎಷ್ಟೋ ಪರಿಣಾಮಕಾರಿ. ಮಳೆಗಾಲದಲ್ಲಿ ಗಾಯವಿದ್ದ ಕಾಲನ್ನು ಕೆಸರಿಗೆ, ನಿಂತ ನೀರಿಗೆ ಇಳಿಸಬೇಡಿ. ಇಲಿ ಜ್ವರದ ರೋಗಾಣು ಒಳ ಹೋಗುವ ದಾರಿ ಅದು.

ಉಣುಗು (ಉಣ್ಣೆ) ಹಗುರಾಗಿ ತೆಗೆದುಕೊಳ್ಳುವ ಸಂಗತಿಯಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇವುಗಳಿಂದ, ಡಿಸೆಂಬರಿನಿಂದ ಮೇ ತನಕ ಹೆಚ್ಚು. ನಾವು ಟೆಂಟ್ ಹಾಕುವ ಕಾಲವೂ ಅದೇ. ತರಗೆಲೆಯ ಮೇಲೆ ಬರಿದೇ ಕೂರಬೇಡಿ, ದಪ್ಪ ಟಾರ್ಪಾಲು ಹಾಸಿ. ಪ್ಯಾಂಟಿನ ತುದಿ ಸಾಕ್ಸಿನೊಳಗಿರಲಿ. ದಿನಕ್ಕೆರಡು ಸಲ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಮೊಣಕಾಲ ಹಿಂಭಾಗ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಯೇ ಹಿಡಿದು ನೇರ ಮೇಲಕ್ಕೆಳೆಯಿರಿ. ಸೀಮೆಎಣ್ಣೆ ಹಾಕುವುದು, ಹಿಸುಕುವುದು ಬೇಡ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ, ನೀವು ಸೋಪು ಸ್ನಾನಕ್ಕೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲು ಹೇಳಿ.

ಪ್ರಶ್ನೆ: ಮರವಂತೆ ಕಡೆ ಕಡಲ ತೀರದಲ್ಲಿ ಒಂದು ರಾತ್ರಿ ಕಳೆಯುವ ಯೋಚನೆ. ಮರಳಲ್ಲಿ ಗುಂಡಿ ತೋಡುವುದು ಸುಲಭವಲ್ಲವೇ?
(ಓದುಗರು, ಕುಂದಾಪುರ)

ತೋಡುವುದು ಸುಲಭ, ಕೊಳೆಯುವುದು ಕಷ್ಟ. ಮರಳಿನಲ್ಲಿ ಜೀವಿಗಳು ಕಡಿಮೆ, ಗಾಳಿ, ಅಲೆ ಎರಡೂ ಹೂತದ್ದನ್ನು ಮೇಲೆ ತರುತ್ತವೆ. ತೀರದಲ್ಲಿ ಗುಂಡಿ ಬೇಡವೇ ಬೇಡ. ಹತ್ತಿರದಲ್ಲಿ ಶೌಚಾಲಯವಿರುವ ಜಾಗವನ್ನೇ ಆರಿಸಿ, ಸ್ಥಳೀಯ ಪಂಚಾಯತ್‌ನಲ್ಲಿ ವಿಚಾರಿಸಿಯೇ ಟೆಂಟ್ ಹಾಕಿ. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ (ಶುಚಿಯಾದ ತೀರಕ್ಕೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆ) ತೀರದಂಥ ಕಡೆ ಶೌಚಾಲಯ, ಸ್ನಾನದ ವ್ಯವಸ್ಥೆ ಇದೆ, ಹಗಲು ಅಲ್ಲಿ ಕಳೆದು ರಾತ್ರಿಗೆ ಹೋಂಸ್ಟೇ ಸೇರಬಹುದು.

ಉಪ್ಪುನೀರಿನಲ್ಲಿ ಸಾದಾ ಸೋಪು ನೊರೆಯಾಗುವುದಿಲ್ಲ, ಉಪ್ಪು ಅದನ್ನು ಕರಗಲು ಬಿಡದೆ ಅಂಟು ಗರಣೆ ಮಾಡುತ್ತದೆ. ನೊರೆ ಬರಲಿಲ್ಲವೆಂದು ಮತ್ತಷ್ಟು ತಿಕ್ಕುವುದು ವ್ಯರ್ಥ. ಸಮುದ್ರದಲ್ಲಿ ಮಿಂದ ಮೇಲೆ ಒಂದು ಲೀಟರ್ ಸಿಹಿನೀರಿನಲ್ಲಿ ಬೈರಾಸು ಅದ್ದಿ ಒರೆಸಿಕೊಳ್ಳಿ, ಉಪ್ಪು ಉಳಿದರೆ ಬಟ್ಟೆ ಉಜ್ಜಿ ಹುಣ್ಣಾಗುತ್ತದೆ. ದಿಬ್ಬದ ಮೇಲಿನ ಅಡುಂಬು ಬಳ್ಳಿಯ ಮೇಲೆ ಟೆಂಟ್ ಹಾಕಬೇಡಿ, ಮರಳನ್ನು ಹಿಡಿದಿಟ್ಟಿರುವುದು ಅದು. ಚಳಿಗಾಲದಲ್ಲಿ ಈ ತೀರಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಆದ್ದರಿಂದ ರಾತ್ರಿ ಬೆಂಕಿ, ಪ್ರಖರ ಟಾರ್ಚ್ ಎರಡೂ ಬೇಡ. ಕಸದ ಚೀಲದ ಬಾಯಿ ಕಟ್ಟಿ ಟೆಂಟಿನ ಒಳಗೇ ಇಡಿ, ಇಲ್ಲದಿದ್ದರೆ ಬೆಳಗಾಗುವಾಗ ನಾಯಿಗಳು ಅದನ್ನು ತೀರದುದ್ದಕ್ಕೂ ಎಳೆದಾಡಿರುತ್ತವೆ.